ಅಂಚಿನಿಂದ ಓದಿದ ಡಿಸ್ಕು

ಆ ವರ್ಷ ಪುಣೆಯಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಎಂ.ಆರ್.ಐ. ಯಂತ್ರದ ಪಕ್ಕದ ಸಣ್ಣ ಕೋಣೆಯಲ್ಲಿ ಕೂತು ನಾನು ಹಳೆಯ ಸಿ.ಡಿ.ಗಳನ್ನು ಓದಿಸುತ್ತಿದ್ದೆ. ಓದಿಸುವುದು ಅಂದರೆ ದೊಡ್ಡ ಕೆಲಸವೇನಲ್ಲ. ಕಂಪ್ಯೂಟರಿನ ಟ್ರೇ ಹೊರಗೆ ಬರುತ್ತದೆ, ಡಿಸ್ಕನ್ನು ಒರೆಸಿ ಇಡಬೇಕು, ಒಳಗೆ ತಳ್ಳಬೇಕು, ಆಮೇಲೆ ಕಾಯಬೇಕು. ಡ್ರೈವು ಗುಂಯ್ ಎಂದು ತಿರುಗಿ ಒಂದೇ ಸಮನೆ ಹಾಡುತ್ತಿದ್ದರೆ ಎಲ್ಲ ಸರಿ ಇದೆ ಎಂದು ಅರ್ಥ. ತಿರುಗಿ, ನಿಧಾನವಾಗಿ, ಕಟಕಟ ಎಂದು, ಮತ್ತೆ ತಿರುಗತೊಡಗಿದರೆ ಆ ದಿನದ ಮಧ್ಯಾಹ್ನ ಹೋಯಿತು ಎಂದೇ ತಿಳಿದುಕೊಳ್ಳಬೇಕು.

ಮೆದುಳು, ಬೆನ್ನುಹುರಿಯ ರೋಗಿಗಳೇ ಬರುವ ಆಸ್ಪತ್ರೆ ಅದು. ನಾನು ಸ್ಕ್ಯಾನ್ ಮಾಡುವ ಟೆಕ್ನಿಷಿಯನ್. ಮೊದಲ ಎಂ.ಆರ್.ಐ. ಯಂತ್ರ ಬಂದಾಗ ಅದರ ಹೊಟ್ಟೆಯಲ್ಲಿ ಚಿತ್ರಗಳಿಗೆ ಹೆಚ್ಚು ಜಾಗವಿರಲಿಲ್ಲ. ಕೆಲವು ವಾರಗಳಲ್ಲಿ ತುಂಬಿಬಿಡುತ್ತಿತ್ತು. ಆದ್ದರಿಂದ ದಿನದ ಚಿತ್ರಗಳನ್ನು ಸಂಜೆ, ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕಿಗೆ ಮೊದಲು ಹಾಕುತ್ತಿದ್ದೆವು. ಅದರಲ್ಲಿ ಸಾಕಷ್ಟು ಸೇರಿದ ಮೇಲೆ, ಒಂದೇ ಸಲ ಬರೆಯಬಹುದಾದ ಸಿ.ಡಿ.ಗೆ ಇಳಿಸಿ, ಆ ಮೊದಲಿನ ಡಿಸ್ಕನ್ನು ಅಳಿಸಿ, ಮರುದಿನ ಮತ್ತೆ ಅದರ ಮೇಲೇ ಬರೆಯುತ್ತಿದ್ದೆವು. ಅಳಿಸುವ ಡಿಸ್ಕು ಸ್ಲೇಟು, ಅಳಿಸದ್ದು ಕಲ್ಲಿನ ಶಾಸನ ಎಂದು ನಮ್ಮ ತರಬೇತಿಗೆ ಬಂದವರು ಹೇಳಿದ್ದರು. ನಾವು ನಂಬಿದ್ದೆವು.

ಈಗ ಹೊಸ ಯಂತ್ರ ಬಂದಿತ್ತು, ಜೊತೆಗೆ ದೊಡ್ಡ ಸರ್ವರು. ಹಳೆಯ ಡಿಸ್ಕುಗಳಲ್ಲಿದ್ದುದನ್ನೆಲ್ಲ ಅದಕ್ಕೆ ಏರಿಸಬೇಕು ಎಂದು ವಿಭಾಗದ ಮುಖ್ಯಸ್ಥೆ ಹೇಳಿದರು. ಅವರು ಸದಾಶಿವ ಪೇಠೆಯ ಮರಾಠಿ ಹೆಂಗಸು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. "ಮೊದಲ ವರ್ಷದಿಂದ ಶುರು ಮಾಡು. ಸಾಲಾಗಿ ಬಾ," ಎಂದರು. ಸಾಲಾಗಿ ಬರುವುದು ಅವರ ಸ್ವಭಾವ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮೊದಲ ವರ್ಷದವು ಬಂಗಾರ ಬಣ್ಣದ ಡಿಸ್ಕುಗಳು. ಒಂದೂ ತಕರಾರು ಮಾಡದೆ ಬಿಚ್ಚಿಕೊಂಡವು. ಆಮೇಲೆ ಅಗ್ಗದವು ಬಂದಿದ್ದವು, ಹಿಂಬದಿ ನೀಲಿ ಹಸಿರು ಹೊಳೆಯುವವು. ಅವುಗಳ ಮೇಲೆ ಆಸ್ಪತ್ರೆಯ ಹೆಸರು ಅಚ್ಚಾದ ದುಂಡನೆಯ ಕಾಗದದ ಲೇಬಲ್ ಅಂಟಿಸಬೇಕೆಂದು ಆಡಳಿತದವರು ಆಗ ನಿಯಮ ಮಾಡಿದ್ದರು. ನೋಡಲು ಚೆನ್ನಾಗಿತ್ತು. ಪ್ರತಿ ಡಿಸ್ಕಿಗೂ ಎರಡು ಪ್ರತಿ ಮಾಡುವ ರೂಢಿಯೂ ಅದೇ ಹೊತ್ತಿಗೆ ನಿಂತಿತ್ತು.

ಸಿ.ಡಿ.ಯ ಬಗ್ಗೆ ಜನಕ್ಕೆ ಒಂದು ತಪ್ಪು ತಿಳಿವಳಿಕೆ ಇದೆ. ಹೊಳೆಯುವ ಕೆಳಬದಿಗೆ ಗೀರು ಬೀಳಬಾರದು, ಮೇಲೆ ಏನಾದರೂ ಆಗಲಿ ಎಂದುಕೊಳ್ಳುತ್ತಾರೆ. ಕೆಳಗೆ ದಪ್ಪನೆಯ ಪ್ಲಾಸ್ಟಿಕ್ ಇರುತ್ತದೆ, ಗೀರು ಬಿದ್ದರೂ ಉಜ್ಜಿ ಸರಿಮಾಡಬಹುದು. ಬರೆದದ್ದು ಕೂತಿರುವುದು ಮೇಲ್ಬದಿಯ ಹತ್ತಿರ. ಬಣ್ಣದ ತೆಳು ಪದರ, ಅದರ ಬೆನ್ನಿಗೆ ಬೆಳ್ಳಿಯಂಥ ಇನ್ನೊಂದು ಪದರ, ಆಮೇಲೆ ಒಂದು ಕೈ ವಾರ್ನಿಷ್. ಅಷ್ಟೇ ರಕ್ಷಣೆ. ಆ ವಾರ್ನಿಷ್ ಮೇಲೆ ಅಂಟಿಸಿದ ಕಾಗದ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಮುದುರುತ್ತದೆ. ಪ್ರತಿ ವರ್ಷ ಅದು ವಾರ್ನಿಷನ್ನೂ ಬೆಳ್ಳಿಯನ್ನೂ ಸ್ವಲ್ಪ ಸ್ವಲ್ಪ ಮೇಲಕ್ಕೆ ಎಳೆಯುತ್ತದೆ. ನಮ್ಮ ಕಪಾಟು ಇದ್ದದ್ದು ನೀರು ಜಿನುಗುವ ಗೋಡೆಗೆ ತಾಗಿ. ಲೇಬಲ್ ಇದ್ದ ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಅಂಚಿನ ಸುತ್ತ ಜರಡಿಯ ಹಾಗೆ ಬೆಳಕು ಕಾಣುತ್ತಿತ್ತು.

ಕಾಗದ ಕಿತ್ತು ನೋಡೋಣ ಎಂದು ಒಂದು ಖಾಲಿ ಡಿಸ್ಕಿನ ಮೇಲೆ ಪ್ರಯತ್ನಿಸಿದೆ. ಕಾಗದದ ಜೊತೆಗೇ ಬೆಳ್ಳಿಯೂ ಬಂತು, ಬಾಳೆಲೆಗೆ ಅಂಟಿದ ಹಪ್ಪಳದ ಹಾಗೆ. ಕೈಯಲ್ಲಿ ಉಳಿದದ್ದು ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ. ಮತ್ತೆ ಆ ಕೆಲಸಕ್ಕೆ ಕೈ ಹಾಕಲಿಲ್ಲ.

ನಮ್ಮ ಕಂಪ್ಯೂಟರುಗಳ ಉಸ್ತುವಾರಿಗೆ ಒಬ್ಬ ಎಂಜಿನಿಯರ್ ಬರುತ್ತಿದ್ದ. ಮೈಸೂರಿನ ಕಡೆಯವನು, ಮಗರಪಟ್ಟಾದಲ್ಲಿ ಅವನ ಕಚೇರಿ. ನಾನು ವಿಜಯಪುರದವಳೆಂದು ಗೊತ್ತಾದ ದಿನದಿಂದ ನನ್ನ ಜೊತೆ ಕನ್ನಡದಲ್ಲೇ ಮಾತು. ನನ್ನ ಕನ್ನಡ ಕೇಳಿ ಅವನು ನಗುತ್ತಿದ್ದ, ಅವನದನ್ನು ಕೇಳಿ ನಾನು. ಓದಲಾಗದ ಡಿಸ್ಕುಗಳಿಗಾಗಿ ಅವನು ಒಂದು ಪ್ರೋಗ್ರಾಂ ಹಾಕಿಕೊಟ್ಟ. ಅದು ಡಿಸ್ಕನ್ನು ಸಣ್ಣ ಸಣ್ಣ ತುಂಡುಗಳಾಗಿ ಓದುತ್ತದೆ. ಹಾಳಾದ ತುಂಡು ಸಿಕ್ಕರೆ ಅಲ್ಲಿ ಹಟ ಹಿಡಿಯದೆ ಮುಂದೆ ಹೋಗುತ್ತದೆ, ಸುಲಭವಾದದ್ದೆಲ್ಲ ಮುಗಿದ ಮೇಲೆ ಬಿಟ್ಟದ್ದಕ್ಕೆ ಹಿಂದಿರುಗುತ್ತದೆ. ಎರಡು ಮೂರು ಬೇರೆ ಬೇರೆ ಡ್ರೈವುಗಳಲ್ಲಿ ಅದೇ ಡಿಸ್ಕನ್ನು ಓದಿಸಿ, ಒಂದರಲ್ಲಿ ಸಿಗದ್ದನ್ನು ಇನ್ನೊಂದರಿಂದ ತುಂಬಬಹುದು.

ಹೀಗೆ ಮಳೆಗಾಲದ ಅರ್ಧ ಕಳೆಯಿತು. ಬೆಳಿಗ್ಗೆ ಹಡಪಸರದಿಂದ ಒದ್ದೆ ಬಸ್ಸಿನಲ್ಲಿ ಬರುವುದು, ರೋಗಿಗಳ ಸ್ಕ್ಯಾನ್, ಅದರ ನಡುವೆ ಡಿಸ್ಕು, ಊಟದ ಹೊತ್ತಿನಲ್ಲಿ ಡಿಸ್ಕು. ಪರದೆಯ ಮೇಲೆ ಹಸಿರು ಚೌಕಗಳು ತುಂಬುತ್ತ ಹೋಗುವುದನ್ನು, ಕೆಂಪು ಚೌಕಗಳು ಹಾಗೇ ಉಳಿಯುವುದನ್ನು ನೋಡಿ ನೋಡಿ ಕಣ್ಣು ಮುಚ್ಚಿದರೂ ಅವೇ ಕಾಣುತ್ತಿದ್ದವು. ನನಗೆ ಆ ಚಿತ್ರಗಳು ಯಾರವು ಎಂಬುದೂ ಮರೆತುಹೋಗಿತ್ತು. ಡಿಸ್ಕು ಒಳ್ಳೆಯದೋ ಕೆಟ್ಟದ್ದೋ, ಅಷ್ಟೇ.

ಅವು ಯಾರವು ಎಂದು ನೆನಪಿಸಲು ಒಬ್ಬ ಹೆಂಗಸು ಬಂದಳು. ಯಾದಗಿರಿ ಕಡೆಯವಳು. ಗಂಡ ಸೆಂಟ್ರಿಂಗ್ ಕೆಲಸದವನು, ಮಗರಪಟ್ಟಾದ ಎತ್ತರದ ಕಟ್ಟಡಗಳಿಗೆ ಹಲಗೆ ಬಡಿದವರಲ್ಲಿ ಒಬ್ಬ. ಅವಳು ಅಲ್ಲೇ ಕೂಲಿಕಾರರ ಶೆಡ್ಡುಗಳಲ್ಲಿ ಹತ್ತಾರು ಜನಕ್ಕೆ ರೊಟ್ಟಿ ಬಡಿದು ಹಾಕುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಕಟ್ಟಡದ ಮೆಟ್ಟಿಲಿನಿಂದ ಬಿದ್ದಾಗ ನಮ್ಮಲ್ಲೇ ಸ್ಕ್ಯಾನ್ ಆಗಿತ್ತು. ಬಿದ್ದ ಪೆಟ್ಟೇನೂ ಇರಲಿಲ್ಲ. ಆದರೆ ಕಣ್ಣಿನ ನರದ ಪಕ್ಕದಲ್ಲಿ ಒಂದು ಸಣ್ಣ ಗಂಟು ಕಂಡಿತ್ತು. "ಇರಲಿ, ಆಗಾಗ ಬಂದು ತೋರಿಸು," ಎಂದು ಕಳಿಸಿದ್ದರು. ಅವಳು ಬಂದಿರಲಿಲ್ಲ. ಈಗ ತಲೆನೋವು ಎಂದು ಬಂದಿದ್ದಳು. ಹೊಸ ಸ್ಕ್ಯಾನಿನಲ್ಲಿ ಗಂಟು ಅಲ್ಲೇ ಇತ್ತು.

ಸರ್ಜನ್ನರ ಪ್ರಶ್ನೆ ಒಂದೇ. ಅದು ಬೆಳೆದಿದೆಯೋ ಇಲ್ಲವೋ? ಬೆಳೆದಿದ್ದರೆ ತೆಗೆಯಲೇಬೇಕು, ತೆಗೆಯುವಾಗ ಒಂದು ಕಣ್ಣು ಹೋಗುವ ಸಂಭವ ಸಣ್ಣದಲ್ಲ. ಬೆಳೆಯದಿದ್ದರೆ ಮುಟ್ಟುವ ಕಾರಣವಿಲ್ಲ. ಹಳೆಯ ವರದಿಯಲ್ಲಿ "ಸಣ್ಣ ಗಂಟು" ಎಂದಷ್ಟೇ ಬರೆದಿತ್ತು, ಅಳತೆ ಇರಲಿಲ್ಲ. ಅವಳಿಗೆ ಕೊಟ್ಟಿದ್ದ ಫಿಲ್ಮುಗಳು ಶೆಡ್ಡಿನ ತಗಡಿನ ಕೆಳಗೆ ಒದ್ದೆಯಾಗಿ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಅವಳು ಆ ಮುದ್ದೆಯನ್ನೂ ಚೀಲದಲ್ಲಿ ತಂದಿದ್ದಳು.

"ಇದ್ರಾಗ ಏನರ ಕಾಣಸ್ತದೇನ್ರೀ ಅಕ್ಕಾರ?" ಎಂದು ನನ್ನ ಮುಂದೆ ಹಿಡಿದಳು.

"ಇಲ್ರೀ ಅವ್ವಾ. ಇದು ಹೋಗ್ಯದ."

"ಮತ್ತ ನಿಮ್ಮ ಮಷೀನದಾಗ ಇರಬೇಕಲ್ರಿ. ತಲಿ ನಂದು, ಫೋಟೋ ನಿಮ್ದು."

ಗಂಡ ಅವಳನ್ನು ಗದರಿದ. ನಾನು ಹುಡುಕುತ್ತೇನೆ ಎಂದೆ. ಕಪಾಟಿನಲ್ಲಿ ಡಿಸ್ಕು ಸಿಕ್ಕಿತು. ಲೇಬಲ್ಲಿನ ಅಂಚು ಒಂದು ಕಡೆ ಎದ್ದು, ಬೆರಳಿಗೆ ಹೊಪ್ಪಳೆಯ ಹಾಗೆ ತಾಗುತ್ತಿತ್ತು.

ಡ್ರೈವಿಗೆ ಹಾಕಿದೆ. ಬಹಳ ಹೊತ್ತಿನ ಮೇಲೆ ಒಳಗಿದ್ದವರ ಪಟ್ಟಿಯೇನೋ ಬಂತು. ಅದು ಡಿಸ್ಕಿನ ನಡುವಿನ ತೂತಿಗೆ ಹತ್ತಿರದಲ್ಲಿರುತ್ತದೆ, ಅಲ್ಲಿ ಇನ್ನೂ ಗಟ್ಟಿಯಾಗಿತ್ತು. ಸಿ.ಡಿ. ಒಳಗಿನಿಂದ ಹೊರಕ್ಕೆ ತುಂಬುತ್ತದೆ. ಆ ಡಿಸ್ಕಿನ ಕೊನೆಯ ರೋಗಿ ಅವಳು. ಅಂದರೆ ಅವಳ ಚಿತ್ರಗಳು ಹೊರ ಅಂಚಿನಲ್ಲೇ, ಹೊಪ್ಪಳೆ ಎದ್ದ ಕಡೆ. ಡ್ರೈವು ವೇಗ ಹಿಡಿದ ಕೂಡಲೇ ಇಡೀ ಪೆಟ್ಟಿಗೆ ಮೇಜಿನ ಮೇಲೆ ನಡುಗತೊಡಗಿತು. ನಾನು ಗಾಬರಿಯಾಗಿ ನಿಲ್ಲಿಸಿದೆ.

ಹೊರಗೆ ತೆಗೆದು ನೋಡಿದಾಗ ಹೊಪ್ಪಳೆ ಮೊದಲಿಗಿಂತ ಉದ್ದವಾಗಿತ್ತು.

ಎಂಜಿನಿಯರನ್ನು ಕರೆಸಿದೆ. ಅವನು ಡಿಸ್ಕನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಮೇಡಂ, ಇದನ್ನ ಇನ್ನು ಸುಮ್ಮಸುಮ್ಮನೆ ತಿರುಗಿಸ್ಬೇಡಿ. ಸ್ಪೀಡಲ್ಲಿ ತಿರುಗಿದಾಗ ಆ ಪೇಪರ್ ಹೊರಕ್ಕೆ ಎಳೆಯುತ್ತೆ. ಲೇಯರ್ ಹರ್ಕೊಂಡು ಒಳಗಡೆ ಬರ್ತಾ ಇದೆ ನೋಡಿ. ಇನ್ನು ಒಂದೇ ಒಂದು ಒಳ್ಳೇ ಚಾನ್ಸ್ ಅಂದ್ಕೊಳ್ಳಿ."

ಮುಂಬೈಯಲ್ಲಿ ಇಂಥದ್ದನ್ನು ಮಾಡುವವರಿದ್ದಾರೆಂದು ಅವನೇ ಫೋನು ಮಾಡಿದ. ತಿಂಗಳುಗಟ್ಟಲೆ ಹಿಡಿಯುತ್ತದೆ, ಸಿಗುತ್ತದೆಂಬ ಭರವಸೆ ಇಲ್ಲ ಎಂದರು. ಕೊನೆಗೆ ಅವನು ಕೇಳಿದ, "ಇದನ್ನ ಬರೆದ ರೈಟರ್ ಎಲ್ಲಿದೆ? ಬರೆದ ಡ್ರೈವೇ ಎಷ್ಟೋ ಸಲ ಚೆನ್ನಾಗಿ ಓದುತ್ತೆ. ಹಳೇದಾದ್ರೆ ಸ್ಪೀಡೂ ಕಡಿಮೆ."

ಅದು ಎಂದೋ ಗುಜರಿಗೆ ಹೋಗಿತ್ತು. ಮಾಡೆಲ್ ಮಾತ್ರ ನನಗೆ ನೆನಪಿತ್ತು. ವರ್ಷಗಟ್ಟಲೆ ದಿನವೂ ಅದರ ಮುಖ ನೋಡಿದ್ದೆ. ಮರುದಿನ ಮಧ್ಯಾಹ್ನ ಮಳೆಯಲ್ಲಿ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಗೆ ಹೋದೆ. ವೈರು, ಸ್ಪೀಕರು, ಹಳೆಯ ಕಂಪ್ಯೂಟರಿನ ಬಿಡಿಭಾಗಗಳ ಅಂಗಡಿಗಳ ಓಣಿ ಅದು. ಮೊಣಕಾಲುದ್ದ ನೀರು ಹರಿಯುತ್ತಿತ್ತು. ಅಂಗಡಿಯಿಂದ ಅಂಗಡಿಗೆ ಕೇಳುತ್ತ ಹೋದೆ. ಎಲ್ಲರೂ ಹೊಸ ಡಿ.ವಿ.ಡಿ. ರೈಟರ್ ತೋರಿಸುತ್ತಿದ್ದರು. ಕೊನೆಗೊಬ್ಬ ಮುದುಕ ಅಟ್ಟದಿಂದ ಅದೇ ಮಾಡೆಲಿನ, ಕಂದುಬಣ್ಣಕ್ಕೆ ತಿರುಗಿದ ಒಂದು ಪೆಟ್ಟಿಗೆ ಇಳಿಸಿ ಧೂಳು ಊದಿದ.

"ತಾಈ, ಹಾ ಆತಾ ಕೋಣ್ ವಾಪರತೋ?" ಎಂದ. ಇದನ್ನು ಈಗ ಯಾರು ಬಳಸುತ್ತಾರೆ ಎಂದು.

"ಆಮ್ಹೀ," ಎಂದೆ. ನಾವು. ಅದನ್ನು ಕಂಪ್ಯೂಟರಿಗೆ ಸೇರಿಸುವ ಕಾರ್ಡನ್ನೂ ಹುಡುಕಿ ಕೊಟ್ಟ. ಎರಡನ್ನೂ ಸೀರೆಯ ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ರಿಕ್ಷಾ ಹತ್ತಿದೆ.

ಅದನ್ನು ಹಳೆಯ ಕಂಪ್ಯೂಟರಿಗೆ ಜೋಡಿಸಲು ಒಂದು ದಿನ, ಲೆನ್ಸ್ ಶುಚಿ ಮಾಡಲು, ಬೇರೆ ಕೆಟ್ಟ ಡಿಸ್ಕುಗಳ ಮೇಲೆ ಪರೀಕ್ಷಿಸಲು ಇನ್ನೆರಡು ದಿನ ಹಿಡಿಯಿತು. ಮುದುಕನ ಪೆಟ್ಟಿಗೆ ನಿಧಾನವಾಗಿ, ಸದ್ದಿಲ್ಲದೆ ಓದುತ್ತಿತ್ತು. ಹೊಸ ಡ್ರೈವುಗಳು ಕೆಂಪು ತೋರಿಸಿದ ಎಷ್ಟೋ ಜಾಗಗಳನ್ನು ಅದು ಹಸಿರು ಮಾಡಿತು. ಬಹಳ ದಿನಗಳ ಮೇಲೆ ನನಗೆ ಹಸಿವಾಯಿತು.

ಆ ಹೆಂಗಸಿನ ಡಿಸ್ಕಿನಿಂದ ಮೊದಲೇ ಇಳಿಸಿಕೊಂಡಿದ್ದ ಪಟ್ಟಿಯನ್ನು ಇನ್ನೊಮ್ಮೆ ನೋಡುತ್ತಿದ್ದಾಗ ಒಂದು ಹೆಸರಿನ ಮೇಲೆ ಕಣ್ಣು ನಿಂತಿತು. ಆ ಹೆಸರನ್ನು ಅದೇ ವಾರ ವಾರ್ಡಿನಲ್ಲಿ ಕೇಳಿದ್ದೆ. ಇಂದಾಪುರ ಡಿಪೋದ ಸರ್ಕಾರಿ ಎಸ್.ಟಿ. ಬಸ್ಸಿನ ಚಾಲಕರೊಬ್ಬರು. ಮೂಲ ಸೊಲ್ಲಾಪುರದವರು, ಮನೆಮಾತು ಕನ್ನಡ. ಕುತ್ತಿಗೆಯಲ್ಲಿ ಬೆನ್ನುಹುರಿಯೊಳಗೆ ನೀರು ತುಂಬಿದ ಚೀಲ ಇತ್ತು. ಬಲಗೈಯ ಹಿಡಿತ ಸಡಿಲವಾಗಿ, ಸ್ಟೇರಿಂಗ್ ತಿರುಗಿಸುವುದು ಕಷ್ಟವಾಗಿತ್ತು. ಅವರ ಹಳೆಯ ಸ್ಕ್ಯಾನ್ ಕೂಡ ಬೇಕೆಂದು ಸರ್ಜನ್ನರು ಬರೆದ ಚೀಟಿ ಆ ಹೆಂಗಸಿನದಕ್ಕಿಂತ ಮೊದಲೇ ನಮ್ಮ ವಿಭಾಗಕ್ಕೆ ಬಂದಿತ್ತು. ಸಾಲಾಗಿ ಬರುವ ನಮ್ಮ ಪದ್ಧತಿಯಲ್ಲಿ ಆ ವರ್ಷದ ಸರದಿ ಇನ್ನೂ ಬಂದಿರಲಿಲ್ಲ, ಅಷ್ಟೇ. ಈಗ ನೋಡಿದರೆ ಅವರೂ ಇದೇ ಡಿಸ್ಕಿನಲ್ಲಿ. ನಡುಭಾಗದಲ್ಲಿ.

ಎಂಜಿನಿಯರ್ ಒಂದು ಕಾಗದದ ಮೇಲೆ ದುಂಡಗೆ ಗೆರೆ ಎಳೆದು ತೋರಿಸಿದ. ಹೊಪ್ಪಳೆಯ ನಾಲಿಗೆ ಅಂಚಿನಿಂದ ಹೊರಟು ಹೆಚ್ಚು ಕಡಿಮೆ ಚಾಲಕರ ಚಿತ್ರಗಳ ಗಡಿಗೆ ಬಂದು ನಿಂತಿತ್ತು.

"ಮಧ್ಯದ್ದು ಮೊದಲು ಓದಿದ್ರೆ ಅದು ಪೂರ್ತಿ ಸಿಗ್ಬಹುದು. ಆದ್ರೆ ಅಷ್ಟೊತ್ತಿಗೆ ಅಂಚು ಉಳಿಯಲ್ಲ. ಅಂಚು ಮೊದಲು ಓದಿದ್ರೆ, ಹರ್ಕೊಂಡು ಒಳಗೆ ಬರೋ ಚಾನ್ಸ್ ಇದೆ."

"ಎರಡೂ?"

"ಎರಡೂ ಸಿಗ್ಬಹುದು ಮೇಡಂ. ಎರಡೂ ಸಿಗದೇನೂ ಇರ್ಬಹುದು."

ನಾನು ಮುಖ್ಯಸ್ಥೆಯ ಬಳಿ ಹೋದೆ. ಅವರು ಸರ್ಜನ್ನರನ್ನು ಕರೆಸಿದರು. ಮೂವರೂ ಅವರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿದೆವು. ಸರ್ಜನ್ನರ ಲೆಕ್ಕ ಸ್ಪಷ್ಟವಿತ್ತು. ಚಾಲಕರಿಗೆ ಆಪರೇಷನ್ ಹೇಗೂ ಬೇಕು, ಕೈ ಸೋಲುತ್ತಿದೆ. ಹಳೆಯ ಚಿತ್ರ ಇದ್ದರೆ ಚೀಲ ಯಾವ ಕಡೆ ಬೆಳೆಯಿತು ಎಂದು ತಿಳಿಯುತ್ತದೆ, ಎಲ್ಲಿಂದ ತೆರೆಯಬೇಕೆಂದು ನಿರ್ಧರಿಸಲು ಸಹಾಯ. ಇಲ್ಲದಿದ್ದರೂ ನಡೆಯುತ್ತದೆ. ಹೆಂಗಸಿನ ವಿಷಯ ಹಾಗಲ್ಲ. ಆಪರೇಷನ್ ಬೇಕೋ ಬೇಡವೋ ಎಂಬುದೇ ಆ ಚಿತ್ರದ ಮೇಲೆ ನಿಂತಿದೆ.

ಕಾದು ನೋಡಬಹುದಲ್ಲ, ಕೆಲವು ತಿಂಗಳ ಮೇಲೆ ಇನ್ನೊಂದು ಸ್ಕ್ಯಾನ್ ಮಾಡಿದರಾಯಿತು ಎಂದೆ. ಬೆಳೆಯುತ್ತಿರುವ ಗಂಟಾದರೆ ಆ ತಿಂಗಳುಗಳಲ್ಲೇ ಕಣ್ಣು ಹೋಗಬಹುದು ಎಂದರು.

ಸರ್ಜನ್ನರು ಹೋದ ಮೇಲೆ ಮುಖ್ಯಸ್ಥೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಿನಗೇನು ಅನಿಸುತ್ತದೆ? ಡಿಸ್ಕು ಇರುವುದು ನಿನ್ನ ಕೈಯಲ್ಲಿ," ಎಂದು ಮರಾಠಿಯಲ್ಲಿ ಕೇಳಿದರು.

"ಅಂಚಿನಿಂದ ಓದೋಣ," ಎಂದೆ. ಆ ಮಾತು ಸರಿ ಎಂದು ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ.

ಮರುದಿನ ಬೆಳಿಗ್ಗೆ ಸ್ಕ್ಯಾನಿಂಗ್ ಕೆಲಸವನ್ನು ಬೇರೆಯವರಿಗೆ ವಹಿಸಿ ಕೂತೆವು. ಎ.ಸಿ. ಹಾಕಿ ಕೋಣೆಯನ್ನು ಒಣಗಿಸಿದೆವು. ಲೇಬಲ್ಲಿನ ಎದ್ದ ಭಾಗವನ್ನು ಬಟ್ಟೆಯ ಮೇಲಿಂದ ಬೆರಳಿನಿಂದ ಮೆಲ್ಲಗೆ ಒತ್ತಿ ಕೂರಿಸಿದೆ. ಅಂಟುಪಟ್ಟಿ ಹಚ್ಚುವ ಯೋಚನೆ ಬಂದಿತ್ತು, ಒಂದು ಕಡೆಯ ತೂಕ ಹೆಚ್ಚಿದರೆ ನಡುಕ ಜಾಸ್ತಿಯಾಗುತ್ತದೆಂದು ಎಂಜಿನಿಯರ್ ಬೇಡವೆಂದ. ಡ್ರೈವಿನ ವೇಗವನ್ನು ಅದು ಒಪ್ಪುವಷ್ಟು ಕೆಳಕ್ಕೆ ಇಳಿಸಿದ. ಪಟ್ಟಿ ಮೊದಲೇ ಸಿಕ್ಕಿದ್ದರಿಂದ ಅವಳ ಚಿತ್ರಗಳು ಯಾವ ತುಂಡಿನಿಂದ ಯಾವ ತುಂಡಿನವರೆಗೆ ಎಂದು ಗೊತ್ತಿತ್ತು. ನೇರವಾಗಿ ಅಲ್ಲಿಗೇ ನೆಗೆಯುವ ಹಾಗೆ ಆಜ್ಞೆ ಬರೆದ.

ಡ್ರೈವು ಒಮ್ಮೆ ಉಸಿರೆಳೆದುಕೊಂಡ ಹಾಗೆ ತಿರುಗಿತು. ಮೊದಲ ಚೌಕ ಕೆಂಪು. ಎರಡನೆಯದೂ ಕೆಂಪು. ನಾನು ಪರದೆಯಿಂದ ಮುಖ ತಿರುಗಿಸಿ ಗೋಡೆ ನೋಡುತ್ತ ಕೂತೆ. ಸ್ವಲ್ಪ ಹೊತ್ತಿನ ಮೇಲೆ "ಬರ್ತಾ ಇದೆ" ಎಂದ ಎಂಜಿನಿಯರ್.

ಊಟದ ಹೊತ್ತು ದಾಟಿತು. ಯಾರೋ ಚಹಾ ತಂದಿಟ್ಟು ಹೋದರು, ಅದರ ಮೇಲೆ ಕೆನೆ ಕಟ್ಟಿತು. ಹಸಿರು ತುಂಡು, ಕೆಂಪು ತುಂಡು, ಹಸಿರು. ಮೆದುಳಿನ ಚಿತ್ರ ಎಂದರೆ ಒಂದೇ ಚಿತ್ರವಲ್ಲ. ಬದನೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದ ಹಾಗೆ, ಒಂದೊಂದು ಬಿಲ್ಲೆಗೂ ಒಂದು ಚಿತ್ರ. ಕಣ್ಣಿನ ನರ ಕಾಣುವ ಬಿಲ್ಲೆಗಳು ಬಂದರೆ ಸಾಕಿತ್ತು. ಔಷಧ ಚುಚ್ಚಿ ತೆಗೆದ, ಹೆಚ್ಚು ಸ್ಪಷ್ಟವಾದ ಸರಣಿ ಪೂರ್ತಿ ಹೋಗಿತ್ತು, ಅದು ಎಲ್ಲಕ್ಕಿಂತ ಹೊರಗಿತ್ತು. ಔಷಧವಿಲ್ಲದ ಸರಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಿಕ್ಕಿತು. ನಾನು ಒಂದೊಂದನ್ನೇ ತೆರೆಯುತ್ತ ಹೋದೆ. ನೆತ್ತಿ. ಹಣೆ. ಒಂದು ಅರ್ಧ ಕಪ್ಪು. ಆಮೇಲಿನದರಲ್ಲಿ ಎರಡು ಕಣ್ಣುಗುಡ್ಡೆಗಳು, ಹಿಂದೆ ನರ, ಪಕ್ಕದಲ್ಲಿ ಗಂಟು. ಪೂರ್ತಿಯಾಗಿ.

ಆ ಕ್ಷಣದಲ್ಲೇ ಡ್ರೈವಿನೊಳಗೆ ಸರ್ರನೆ ಕಾಗದ ಉಜ್ಜುವ ಸದ್ದು ಕೇಳಿತು. ಎಂಜಿನಿಯರ್ ತಟ್ಟನೆ ನಿಲ್ಲಿಸಿದ.

ಟ್ರೇ ತೆರೆದಾಗ ಬೆಳ್ಳಿಯ ಚೂರುಗಳು ಅದರ ತುಂಬ ಉದುರಿದ್ದವು. ಹೊಪ್ಪಳೆಯ ನಾಲಿಗೆ ನಡುಭಾಗದವರೆಗೆ ಹರಿದು ಬಂದಿತ್ತು. ಕಾಗದದ ತುದಿಯನ್ನು ಕತ್ತರಿಸಿ, ಲೆನ್ಸಿನ ಮೇಲಿನ ಚೂರುಗಳನ್ನು ಊದಿ ತೆಗೆದು, ಸಂಜೆಯ ತನಕ ಚಾಲಕರ ಚಿತ್ರಗಳಿಗಾಗಿ ಪ್ರಯತ್ನಿಸಿದೆವು. ಎದೆಯ ಕಡೆಯ ಬೆನ್ನುಹುರಿಯ ಬಿಲ್ಲೆಗಳು ಬಂದವು. ಕುತ್ತಿಗೆಯದು ಒಂದೂ ಬರಲಿಲ್ಲ.

ಮುಖ್ಯಸ್ಥೆ ಹಳೆಯ ಚಿತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಅಳೆದರು. ಉದ್ದ, ಅಗಲ, ಮತ್ತೆ ಉದ್ದ. ಗಂಟು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಆಪರೇಷನ್ ರದ್ದಾಯಿತು. ತಲೆನೋವಿಗೆ ಕಾರಣ ರಕ್ತದೊತ್ತಡ ಎಂದು ಇನ್ನೊಬ್ಬ ಡಾಕ್ಟರು ಗುಳಿಗೆ ಬರೆದುಕೊಟ್ಟರು.

ಅವಳಿಗೆ ಹೇಳಲು ನಾನೇ ಹೋದೆ. ಗಂಡ ಅಳತೊಡಗಿದ. ಅವಳು ನನ್ನನ್ನೇ ನೋಡುತ್ತಿದ್ದಳು.

"ಅಂದ್ರ ಅದು ಅಲ್ಲೇ ಇರ್ತದ್ರೇನು?"

"ಇರ್ತದ್ರಿ. ವರ್ಷಕ್ಕೊಮ್ಮೆ ತೋರಸ್ಬೇಕು. ಈ ಸಲ ತಪ್ಪಸಬ್ಯಾಡ್ರಿ."

"ಬರ್ತೀನ್ರಿ. ಇವ್ರು ಕರ್ಕೊಂಡು ಬರ್ಲಿಲ್ಲಂದ್ರೂ ಒಬ್ಬಾಕಿನs ಬರ್ತೀನಿ," ಎಂದಳು. ಆಮೇಲೆ ಗಂಡನಿಗೆ, "ಏಳು, ಸಂಜೀ ರೊಟ್ಟಿಗೆ ಹಿಟ್ಟಿಲ್ಲ," ಎಂದು ಚೀಲ ಎತ್ತಿಕೊಂಡಳು.

ಚಾಲಕರ ಬಳಿಗೂ ಹೋಗಬೇಕಿತ್ತು. "ಹಳೆಯದು ಸಿಗಲಿಲ್ಲ ಎಂದರೆ ಸಾಕು," ಎಂದಿದ್ದರು ಮುಖ್ಯಸ್ಥೆ. ನಾನೂ ಅಷ್ಟೇ ಹೇಳಬೇಕೆಂದುಕೊಂಡು ವಾರ್ಡಿಗೆ ಹೋದೆ. ಅವರು ಮಂಚದ ಮೇಲೆ ಕೂತು ಬಲಗೈಯಿಂದ ಒಂದು ರಬ್ಬರಿನ ಚೆಂಡನ್ನು ಅಮುಕುತ್ತಿದ್ದರು. ಐವತ್ತರ ಆಸುಪಾಸು, ದಪ್ಪ ಮೀಸೆ.

"ಸಿಗಲಿಲ್ರಿ," ಎಂದೆ.

"ಕಳದದೇನು?"

"ಕಳದಿಲ್ಲ. ಡಿಸ್ಕ್ ಕೆಟ್ಟಿತ್ತು."

"ಪೂರಾ ಕೆಟ್ಟಿತ್ತೇನ್ರೀ ಬಾಯಾರ?"

ಅಷ್ಟು ನೇರವಾಗಿ ಕೇಳಿದಾಗ ಸುಳ್ಳು ಬಾಯಿಗೆ ಬರಲಿಲ್ಲ. ಒಂದು ಡಿಸ್ಕು, ಎರಡು ಜನ, ಅಂಚು, ನಡು, ನಾವು ಕೂತು ಮಾತಾಡಿದ್ದು, ಹರಿದದ್ದು, ಎಲ್ಲ ಹೇಳಿದೆ. ಹೆಂಗಸಿನ ಹೆಸರು ಮಾತ್ರ ಹೇಳಲಿಲ್ಲ. ಅವರು ಚೆಂಡು ಅಮುಕುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

"ನಂದು ಚೀಟಿ ಮೊದಲ ಬಂದಿತ್ತಲ್ರಿ?"

"ಹೌದ್ರಿ."

"ಆಕೀಗಿ ಅನುಕೂಲ ಆತಲ್ಲ, ಛಲೋ ಆತು. ಅದು ಬ್ಯಾರೆ ಮಾತು." ಚೆಂಡನ್ನು ಹಾಸಿಗೆಯ ಮೇಲಿಟ್ಟರು. "ಮೂರು ಮಂದಿ ಕೂತು ಮಾತಾಡೀರಿ. ನಾ ಇಲ್ಲೇ ಮ್ಯಾಲಿನ ಮಜಲೀಗಿ ಕೂತಿದ್ದೆ. ನನ್ನ ಒಂದು ಮಾತು ಕೇಳಬೇಕನಸಲಿಲ್ಲೇನ್ರಿ?"

"ಅನಸಲಿಲ್ರಿ," ಎಂದೆ.

"ಕೇಳಿದ್ರ ನಾನೂ ಆಕೀದs ಮೊದಲ ಮಾಡ್ರಿ ಅಂತಿದ್ದೆ. ಅಂತಿದ್ನೋ ಇಲ್ಲೋ, ಖರೇ ಹೇಳಬೇಕಂದ್ರ ಗೊತ್ತಿಲ್ಲ. ಆದ್ರ ಕೇಳಬೇಕಿತ್ತು."

ಅವರು ಮತ್ತೆ ಚೆಂಡು ಅಮುಕತೊಡಗಿದರು. ನಾನು ಕೆಳಗೆ ಬಂದೆ. ಮೂರು ಜನ ಓದಿದವರು ಬಾಗಿಲು ಹಾಕಿಕೊಂಡು ಎಲ್ಲ ಬದಿಯಿಂದ ಯೋಚಿಸಿದ್ದೆವು. ಎರಡು ಮಹಡಿ ಹತ್ತಿ ಹೋಗಿ ಕೇಳಬಹುದೆಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮ ತಲೆಯಲ್ಲಿ ಇದ್ದದ್ದು ಡಿಸ್ಕು.

ಅವರ ಆಪರೇಷನ್ ಹೊಸ ಚಿತ್ರವೊಂದನ್ನೇ ಇಟ್ಟುಕೊಂಡು ನಡೆಯಿತು. ಪ್ರಾಣಕ್ಕೆ ಏನೂ ಆಗಲಿಲ್ಲ. ಕೈ ಇನ್ನಷ್ಟು ಸೋಲುವುದು ನಿಂತಿತು, ಹೋದ ಬಲ ಮಾತ್ರ ಪೂರ್ತಿ ಮರಳಲಿಲ್ಲ. ಡಿಪೋದವರು ಅವರನ್ನು ಸ್ಟೇರಿಂಗಿನಿಂದ ತೆಗೆದು, ಬಸ್ಸುಗಳು ಹೋಗುವ ಊರುಗಳ ಹೆಸರು ಮೈಕಿನಲ್ಲಿ ಕೂಗುವ ಕೋಣೆಯಲ್ಲಿ ಕೂರಿಸಿದರಂತೆ. ಹಳೆಯ ಚಿತ್ರ ಸಿಕ್ಕಿದ್ದರೂ ಇಷ್ಟೇ ಆಗುತ್ತಿತ್ತು ಎಂದು ಸರ್ಜನ್ನರು ನಾನು ಕೇಳದೆಯೇ ಹೇಳಿದರು. ಇರಬಹುದು.

ಆಮೇಲೆ ನಾನು ಮುಖ್ಯಸ್ಥೆಯ ಎದುರು ಕೂತು, ಇನ್ನು ವರ್ಷದ ಸಾಲು ಹಿಡಿಯುವುದಿಲ್ಲ ಎಂದೆ. ಯಾರು ಮತ್ತೆ ಆಸ್ಪತ್ರೆಗೆ ಬರುವವರಿದ್ದಾರೋ ಅವರ ಡಿಸ್ಕು ಮೊದಲು. ಮುಖ್ಯಸ್ಥೆಗೆ ಇದು ಹಿಡಿಸಲಿಲ್ಲ. ಪ್ರತಿ ವರ್ಷದ್ದೂ ಅರ್ಧ ಇದ್ದು ಅರ್ಧ ಇಲ್ಲದ ಸಂಗ್ರಹದಿಂದ ಯಾವ ಅಧ್ಯಯನವೂ ಸಾಧ್ಯವಿಲ್ಲ ಎಂದರು. ಅದೂ ನಿಜವೇ. ಎರಡು ದಿನ ಬಿಟ್ಟು ತಾವೇ ಬಂದು, "ಸರಿ, ಹಾಗೇ ಮಾಡು," ಎಂದರು. ಲೇಬಲ್ ಅಂಟಿಸುವುದು ನಿಂತಿತು. ನಡುವಿನ ತೂತಿನ ಸುತ್ತ ಬರಹವಿಲ್ಲದ ಉಂಗುರದ ಮೇಲೆ ನೀರಿನ ಶಾಯಿಯ ಪೆನ್ನಿನಿಂದ ನಂಬರು ಬರೆಯತೊಡಗಿದೆವು. ಎರಡು ಪ್ರತಿ, ಎರಡು ಕಟ್ಟಡಗಳಲ್ಲಿ. ಬರೆದ ಡಿಸ್ಕನ್ನು, ಅದನ್ನು ಬರೆದದ್ದಲ್ಲದ ಇನ್ನೊಂದು ಡ್ರೈವಿನಲ್ಲಿ ತೆರೆದು ನೋಡಿದ ಮೇಲೆಯೇ ಯಂತ್ರದಿಂದ ಅಳಿಸುವುದು.

ಬದುಕಿಲ್ಲದವರ, ಮತ್ತೆ ಬಾರದವರ ಡಿಸ್ಕುಗಳು ಕೊನೆಗೆ ಉಳಿದವು. ಮುದುಕನ ಡ್ರೈವು ಮರುವರ್ಷ ಸತ್ತುಹೋಯಿತು. ತಾಪ್ಕೀರ್ ಗಲ್ಲಿಯಲ್ಲಿ ಇನ್ನೊಂದು ಸಿಗಲಿಲ್ಲ. ಉಳಿದವನ್ನು ಪೆಟ್ಟಿಗೆಗೆ ತುಂಬಿ ಮೇಲಿನ ಒಣ ಕೋಣೆಗೆ ಸಾಗಿಸಿದೆವು. ಅವನ್ನು ಯಾರೂ ತೆರೆಯಲಿಲ್ಲ.

ಒಂದು ವರ್ಷದ ಮೇಲೆ ಚಾಲಕರು ತಪಾಸಣೆಯ ಸ್ಕ್ಯಾನಿಗೆ ಬಂದರು. ಇಂದಾಪುರದಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು. ಸ್ಕ್ಯಾನ್ ಮುಗಿದ ಮೇಲೆ ಹೋಗದೆ ನನ್ನ ಕೋಣೆಯ ಬಾಗಿಲಲ್ಲಿ ನಿಂತರು.

"ನಂದು ಡಿಸ್ಕ್ ಈಗ ಮಾಡ್ತೀರೇನು?"

"ಈಗs ಮಾಡ್ತೀನ್ರಿ. ನಿಮಗೊಂದು, ನಮಗೊಂದು."

"ನಾ ಕೂತು ನೋಡ್ತೀನಿ."

ಸ್ಟೂಲು ಎಳೆದುಕೊಟ್ಟೆ. ಬರೆಯುವುದು ಮುಗಿಯುವವರೆಗೂ ಅವರು ಡ್ರೈವಿನ ಸಣ್ಣ ದೀಪವನ್ನೇ ನೋಡುತ್ತ ಕೂತರು. ಆಮೇಲೆ ಡಿಸ್ಕನ್ನು ಪಕ್ಕದ ಕಂಪ್ಯೂಟರಿಗೆ ಹಾಕಿ, ಒಂದೊಂದೇ ಚಿತ್ರ ತೆರೆದು ತೋರಿಸಿದೆ. ಅವರಿಗೆ ಏನೂ ಅರ್ಥವಾಗುವಂತಿರಲಿಲ್ಲ, ಆದರೂ ಒಂದನ್ನೂ ಬಿಡಲು ಒಪ್ಪಲಿಲ್ಲ. ಹೊರಗೆ ಮುಂದಿನ ರೋಗಿಯ ಮನೆಯವರು ಎರಡು ಸಲ ಬಾಗಿಲು ತಟ್ಟಿದರು. ಕಾಯಲು ಹೇಳಿದೆ. ಕುತ್ತಿಗೆಯ ಬಿಲ್ಲೆಗಳು ಬಂದಾಗ "ಇದs ಏನು?" ಎಂದು ಕೇಳಿದರು. ಹೌದೆಂದೆ. ಮುಂದಕ್ಕೆ ಬಾಗಿ ಬಹಳ ಹೊತ್ತು ನೋಡಿದರು.

ಕೊನೆಯ ಚಿತ್ರವಾದ ಮೇಲೆ ಡಿಸ್ಕನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಅದನ್ನು ರೆಕ್ಸಿನ್ ಚೀಲದಲ್ಲಿಟ್ಟು ಬಲಗೈಯಿಂದ ಚೈನು ಎಳೆಯಲು ನೋಡಿದರು. ಹಿಡಿ ಬೆರಳಿನಿಂದ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು.

"ನಾ ಹಾಕಲೇನ್ರಿ?" ಎಂದು ಕೇಳಿದೆ.

"ಬ್ಯಾಡ್ರಿ. ಆಗ್ತದ," ಎಂದರು.

ಆಯಿತು. ಹೊತ್ತು ಹಿಡಿಯಿತು, ಆದರೆ ಅವರೇ ಹಾಕಿದರು. ಆಮೇಲೆ ಎದ್ದು, ಸ್ಟೂಲನ್ನು ಮೇಜಿನ ಕೆಳಗೆ ತಳ್ಳಿ, ಇಂದಾಪುರದ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ನಾನು ಬಾಗಿಲು ತೆರೆದು ಮುಂದಿನವರನ್ನು ಕರೆದೆ.